ಗುತ್ತಿಗಾರಿನ ಸೈಕಲ್ ಸೀಟು ಮಹಾಶಯರಿಗೆ, ಕೂರಲಾರದವನ ಅರಿಕೆ

ಗುತ್ತಿಗಾರು
ಮೇ, ೧೯೭೯

ಮಾನ್ಯರೇ,

ಹೊದಿಕೆಯಲ್ಲಿ ಮೃಗವೂ, ಸ್ಪ್ರಿಂಗಿನಲ್ಲಿ ಯಂತ್ರವೂ, ಸ್ವಭಾವದಲ್ಲಿ ಮೇಲಧಿಕಾರಿಯೂ ಆಗಿರುವ ತಮ್ಮ ಸನ್ನಿಧಿಗೆ, ತಮ್ಮಿಂದ ನಾಲ್ಕು ಮಾರು ದೂರದಲ್ಲಿ, ಯಾವುದರ ಮೇಲೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ, ಕೂತು ಬರೆಯುವ ಬಹಿರಂಗ ಪತ್ರವಿದು. ತಾವು ಕ್ಷೇಮವೆಂದು ಬಲ್ಲೆ. ತಮ್ಮ ಕ್ಷೇಮಕ್ಕೆ ಭಂಗ ತರುವ ವಸ್ತು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಲೇರಿಯಾ ಕೆಲಸದ ಚನಿಯಪ್ಪಣ್ಣ ನಿವೃತ್ತರಾದಾಗ ಅವರ ಜಾಗಕ್ಕೆ ಹಂಗಾಮಿಯಾಗಿ ಬಂದ ನಾನು, ಅವರ ಚೀಲ, ಅವರ ಮನೆಗಳ ಪಟ್ಟಿ ಮತ್ತು ಅವರ ಕಪ್ಪು ಸೈಕಲಿನ ಜೊತೆಗೆ ತಮ್ಮನ್ನೂ ವಹಿಸಿಕೊಂಡೆ. ಹದಿನೆಂಟು ವರ್ಷ ಅವರನ್ನು ಹೊತ್ತ ತಾವು ಅವರ ಅಚ್ಚನ್ನೇ ತಾಳಿದ್ದೀರೆಂದು ಊರವರೆಲ್ಲ ಹೊಗಳಿದರು. ಅಚ್ಚು ನಿಜವೇ ಇರಬೇಕು, ಏಕೆಂದರೆ ಅವರು ತಗ್ಗಿದಲ್ಲಿ ತಾವು ಉಬ್ಬಿದ್ದೀರಿ, ಅವರು ಉಬ್ಬಿದಲ್ಲಿ ತಗ್ಗಿದ್ದೀರಿ, ನಾನು ಕೂತರೆ ನನ್ನ ಯಾವ ಭಾಗಕ್ಕೂ ತಮ್ಮಲ್ಲಿ ಜಾಗವಿಲ್ಲ. ಇಂಥ ಸ್ವಾಮಿನಿಷ್ಠೆ ಮನುಷ್ಯರಲ್ಲಿ ಕಾಣಸಿಗುವುದು ಅಪರೂಪ.

ನನ್ನ ಕೆಲಸವೇನೆಂಬುದು ತಮಗೆ ತಿಳಿದದ್ದೇ. ಗುಡ್ಡ ಹತ್ತಿಳಿದು ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ನೆತ್ತರು ತೆಗೆದು, ಬಾಗಿಲ ಹಿಂದೆ ತಾರೀಕು ಬರೆದು ಬರುವುದು. ಆದರೆ ನಮ್ಮ ಕಡೆ ಜಗಲಿಗೆ ಬಂದವನ ಮುಂದೆ ಬೆಲ್ಲ ನೀರು ಇಡುತ್ತಾರೆ, ಅವನು ಕೂತು ಕುಡಿಯಬೇಕು, ಆಮೇಲೆಯೇ ಬಂದ ವಿಷಯ. ಮಾನ್ಯರೇ, ತಮ್ಮ ಮೇಲಿಂದ ಇಳಿದ ನಾನು ಎಲ್ಲಿಯೂ ಕೂರುವ ಸ್ಥಿತಿಯಲ್ಲಿರಲಿಲ್ಲ. ನಿಂತೇ ಬೆಲ್ಲ ಕಡಿದೆ, ನಿಂತೇ ನೀರು ಕುಡಿದೆ, ನಿಂತೇ ಬೆರಳು ಕೇಳಿದೆ.

ಗುಡ್ಡದ ಮೇಲಿನ ಮನೆಯ ದುಗ್ಗಮ್ಮಜ್ಜಿ ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, "ಎಂತ ಮಾರಾಯ, ಸೊಳ್ಳೆಯಾದ್ರೂ ಕೂತು ಕುಡೀತದೆ. ನೀನು ಪೊಲೀಸನ ಹಾಗೆ ನಿಂತೇ ನೆತ್ತರು ಕೇಳುದಾ?" ಎಂದರು. ಆ ಮಾತು ನನಗಿಂತ ಮೊದಲೇ ಗುಡ್ಡ ಇಳಿದು ಊರೆಲ್ಲ ಸುತ್ತಿತು. ಮರುದಿನದಿಂದ ಯಾವ ಮನೆಯಲ್ಲೂ ಜ್ವರವೇ ಇರಲಿಲ್ಲ. ಎಪ್ರಿಲ್ ತಿಂಗಳ ನಡುಮಧ್ಯಾಹ್ನ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದವರೂ "ಸುಮ್ಮನೆ ಮಲಗಿದ್ದು" ಎಂದರು. ನಮ್ಮ ಇನ್ಸ್‌ಪೆಕ್ಟರ್ ಪ್ರೇಮನಾಥರು ಖಾಲಿ ಗಾಜಿನ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಮೇ ತಿಂಗಳು ಮುಗಿಯುವುದರೊಳಗೆ ನೂರು ಪಟ್ಟಿಗಳಲ್ಲಿ ನೆತ್ತರು ಕಾಣದಿದ್ದರೆ ನನ್ನ ಹಂಗಾಮಿತನವೂ ಮುಗಿಯುವುದೆಂದು ಸಂತೋಷದಿಂದ ತಿಳಿಸಿದರು.

ಆಗ ತಮ್ಮ ಸೇವೆಗೆ ತೊಡಗಿದೆ. ತಮಗೆ ಹರಳೆಣ್ಣೆ ಹಚ್ಚಿದೆ. ತಾವು ಅದನ್ನು ನನ್ನ ಪ್ಯಾಂಟಿಗೆ ಕರುಣಿಸಿದಿರಿ. ತಮ್ಮ ಮೂಗು ತಗ್ಗಿಸಿದೆ. ತಾವು ನನ್ನನ್ನು ಹ್ಯಾಂಡಲಿನ ಮೇಲೆ ಮಲಗಿಸಿದಿರಿ. ರಬ್ಬರ್ ಹಾಲು ತೆಗೆಯುವ ಸಮದ್ ಕೊಟ್ಟ ಹಸಿ ರಬ್ಬರ್ ಶೀಟನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದೆ. ಬಿಸಿಲಿಗೆ ಅದು ಕರಗಿ, ನಾವಿಬ್ಬರೂ ಜನ್ಮಾಂತರದ ಬಂಧುಗಳಂತೆ ಅಂಟಿಕೊಂಡದ್ದನ್ನೂ, ಸಮದನೇ ಬಂದು ಚೂರಿಯಿಂದ ನಮ್ಮನ್ನು ಬೇರ್ಪಡಿಸಿದ್ದನ್ನೂ ಶಾಲೆಯ ಮಕ್ಕಳು ಇನ್ನೂ ಆಡಿ ತೋರಿಸುತ್ತಿದ್ದಾರೆ.

ಕೊನೆಗೆ ಚನಿಯಪ್ಪಣ್ಣನ ಮನೆಗೆ ಹೋಗಿ, ತಮ್ಮ ಮೇಲೆ ಹದಿನೆಂಟು ವರ್ಷ ಸುಖವಾಗಿ ಕೂತದ್ದು ಹೇಗೆಂದು ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು. "ಸುಖವಾ? ಅದರ ಮೇಲೆ ಒಂದು ದಿನ ಸುಖ ಕಂಡವ ಅಲ್ಲ ನಾನು. ಮತ್ತೆ ಹತ್ತುದು ಬೇಡ ಅಂತಲೇ ಸಿಕ್ಕಿದ ಜಗಲಿಯಲ್ಲೆಲ್ಲ ಗಂಟೆಗಟ್ಟಲೆ ಕೂತು ಪಟ್ಟಾಂಗ ಹೊಡೀತಿದ್ದೆ. ಜನ ಅದನ್ನು ಪ್ರೀತಿ ಅಂತ ತಿಳಿದ್ರು, ಪಾಪ." ಹೀಗೆಂದು ಒಳಗೆ ಹೋಗಿ, ಕೊಡ ಹೊರುವಾಗ ತಲೆಯ ಮೇಲಿಡುವಂಥ ಬೈಹುಲ್ಲಿನ ಸಿಂಬೆಯೊಂದನ್ನು ತಂದು, "ಚೀಲದ ಜೊತೆ ಇದನ್ನು ಕೊಡ್ಲಿಕ್ಕೆ ಮರ್ತದ್ದು ನನ್ನದೇ ತಪ್ಪು" ಎಂದು ನನ್ನ ಕೈಗಿತ್ತರು.

ಮರುದಿನ ದುಗ್ಗಮ್ಮಜ್ಜಿಯ ಜಗಲಿಯಲ್ಲಿ ಸಿಂಬೆ ಇಟ್ಟು, ನೋವಿರುವ ಜಾಗವನ್ನು ಅದರ ನಡುವಿನ ತೂತಿಗೆ ಒಪ್ಪಿಸಿ, ತಿಂಗಳ ಬಳಿಕ ಮೊದಲ ಬಾರಿಗೆ ಕೂತೆ. ಅಜ್ಜಿ ಸಿಂಬೆಯನ್ನು ನೋಡಿದರು, ನನ್ನನ್ನು ನೋಡಿದರು. "ಹಾಂ, ಈಗ ಸರಕಾರ ನಿನಗೂ ಆಸನ ಕೊಟ್ಟಿತಾ! ಚನಿಯಪ್ಪನಿಗೆ ಇತ್ತು. ಅದಿಲ್ಲದೆ ಬಂದವನನ್ನು ನಂಬುದು ಹೇಗೆ?" ಎಂದ ಅಜ್ಜಿ ಸೆರಗಿನೊಳಗಿನ ಬೆರಳು ಚಾಚಿ, ಕಂಬಳಿಯೊಳಗಿನ ಇಬ್ಬರು ಮೊಮ್ಮಕ್ಕಳನ್ನೂ ಎಳೆದು ತಂದರು. ನಿನ್ನೆಗೆ ನೂರಾ ನಾಲ್ಕು ಪಟ್ಟಿಗಳಾದವು. ಈ ಪತ್ರವನ್ನೂ ಅದೇ ಆಸನದ ಮೇಲೆ ಕೂತೇ ಬರೆಯುತ್ತಿದ್ದೇನೆ.

ಆದುದರಿಂದ ನನ್ನ ದೂರನ್ನೆಲ್ಲ ಹಿಂತೆಗೆದುಕೊಂಡು ಬೇಡುವುದಿಷ್ಟೇ: ತಾವು ಯಾವ ಕಾರಣಕ್ಕೂ ಮೆತ್ತಗಾಗಕೂಡದು. ತಾವು ಹಿತವಾದರೆ ನಾನು ಇಳಿಯುವುದಿಲ್ಲ, ಇಳಿಯದಿದ್ದರೆ ಕೂರುವುದಿಲ್ಲ, ಕೂರದಿದ್ದರೆ ಈ ಊರಿನಲ್ಲಿ ಒಂದು ತೊಟ್ಟು ನೆತ್ತರು ಹುಟ್ಟುವುದಿಲ್ಲ. ತಮ್ಮ ಕಾಠಿಣ್ಯವು ನನ್ನ ನಿವೃತ್ತಿಯವರೆಗೂ ಬಾಳಲಿ.

ತಮ್ಮ ವಿಶ್ವಾಸಿ, ತಮ್ಮಿಂದಲೇ ಜನಪ್ರಿಯನಾದ
ಅಚ್ಚುತ

ತಾ.ಕ.: ನೂರಾ ನಾಲ್ಕು ಎಂಬ ಲೆಕ್ಕವನ್ನು ನಂಬದ ಪ್ರೇಮನಾಥರು ಬರುವ ಸೋಮವಾರ ಜೀಪು ಹೋಗದ ಮನೆಗಳಿಗೆಲ್ಲ ಖುದ್ದು ತಪಾಸಣೆಗೆ ಹೊರಡುವವರಿದ್ದು, ಸವಾರಿಗೆ ತಮ್ಮನ್ನೇ ಕೇಳಿದ್ದಾರೆ. ದುಗ್ಗಮ್ಮಜ್ಜಿಗೆ ಬೆಲ್ಲ ನೀರು ಸಿದ್ಧವಿಡಲು ಹೇಳಿದ್ದೇನೆ. ಸಿಂಬೆಯ ವಿಷಯವನ್ನು ಸಾಹೇಬರು ಕೇಳಲಿಲ್ಲ. ನಾನಾಗಿ ಹೇಳುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದೇನೆ.