ಬದನೇಕಾಯಿ ಬಣ್ಣದ ಬಾಟಲಿ

ದತ್ತವಾಡದ ಜಿನಗೊಂಡನ ನೆಮ್ಮದಿ ಕೆಡಿಸಿದ್ದು ಒಂದು ಖಾಲಿ ಬಟ್ಟೆಚೀಲ. ಕೊಲ್ಲಾಪುರದಿಂದ ಬಂದ ಪ್ರಣಾಲಿ ಮೇಡಂ ಬೆಳಿಗ್ಗೆ ಹೊಳೆದಂಡೆಯ ರೈತರಿಗೆಲ್ಲ ಒಂದೊಂದು ಚೀಲ ಹಂಚಿದರು. "ನಿಮ್ಮ ನಿಮ್ಮ ಹೊಲದ ಮಣ್ಣ ತರ್ರಿ, ಸಂಜಿಗೆ ಪರೀಕ್ಷಾ. ಒಬ್ಬರ ಹೊಲದಾಗ ಕಾಡ ಬೆಳಸೂದೈತಿ, ಮಹಾಪೂರಕ್ಕ ದಂಡಿ ಕೊಚ್ಚಿ ಹೋಗಬಾರದು," ಎಂದರು. ಎಂಥ ಹೊಲಕ್ಕೆ ಕಾಡು ಎಂಬುದನ್ನೂ ಬಿಡಿಸಿ ಹೇಳಿದರು. ಆದರೆ ಜಿನಗೊಂಡ ಆಗ, ಪಕ್ಕದ ಹೊಲದ ಬಾಳಗೊಂಡ ಯಾಕೆ ನಗುತ್ತಿದ್ದಾನೆ ಎಂದು ಅವನ ಮೋರೆಯನ್ನೇ ನೋಡುತ್ತಿದ್ದ. ಪರೀಕ್ಷೆ ಹೇಳಿದ್ದೇ ಅಂತಿಮ, ಮತ್ತೆ ತಕರಾರಿಲ್ಲ ಎಂದು ಎಲ್ಲರೂ ಕೈಯೆತ್ತಿದಾಗ ಇವನೂ ಎತ್ತಿದ.

"ಇದರಾಗ ಏನೋ ಐತಿ," ಎಂದ ಮನೆಗೆ ಬಂದು. "ಚಲೋ ಮಣ್ಣ ಕಂಡ್ರ ಯಾರ ಬಿಡ್ತಾರ? ನಮ್ಮ ಹೊಲ ಹೊಡ್ಯಾಕ ಬಂದಾರ."

"ನಿಮಗ ಚಾದಾಗೂ ಏನೋ ಐತಿ ಅನಸ್ತೈತಿ. ಸಕ್ರಿ ರೀ ಅದು," ಎಂದಳು ಹೆಂಡತಿ ಮಂಗಲ.

ಅವನ ಮಣ್ಣು ಚಲೋದೆಂಬುದೇನೋ ಸುಳ್ಳಲ್ಲ. ಹುಳಹುಪ್ಪಡಿ ಸಾಯುತ್ತವೆಂದು ಅವನ ಮನೆತನದವರು ಕಬ್ಬಿನ ಒಣಗರಿಗೆ, ಅದೇ ರವದಿಗೆ, ಎಂದೂ ಬೆಂಕಿ ಇಟ್ಟವರಲ್ಲ. ಅದು ಕೊಳೆತು ಕೊಳೆತು ಹೊಲ ಹೂರಣದಂತೆ ಮೆತ್ತಗಾಗಿತ್ತು. ಬಾಳಗೊಂಡನೋ ವರ್ಷಾವರ್ಷಾ ರವದಿ ಸುಟ್ಟು ಮಣ್ಣನ್ನು ಬೂದಿ ಮಾಡಿಕೊಂಡಿದ್ದ. ಆ ದರಿದ್ರ ಮಣ್ಣನ್ನೇ ತನ್ನದೆಂದು ಕೊಟ್ಟರೆ ಹೊಲ ಉಳಿಯಿತು! ಜಿನಗೊಂಡ ಮಧ್ಯಾಹ್ನ ಬಾಳಗೊಂಡನ ಕಬ್ಬಿನೊಳಗೆ ನುಗ್ಗಿ, ಮೈಯೆಲ್ಲ ಗೀರಿಸಿಕೊಂಡು ಚೀಲ ತುಂಬಿದ.

"ಜಿನಗೊಂಡಣ್ಣಾ, ಮಂದಿ ಕಬ್ಬಿನಾಗ ಏನ ಹುಡುಕಾಕತ್ತೀರಿ?" ಬದುವಿನ ಮೇಲೆ ನೆರೆಮನೆಯ ನಾಗೂಬಾಯಿ ನಿಂತಿದ್ದಳು.

"ನಮ್ಮ ಎಮ್ಮಿ ತಪ್ಪಿಸಿಕೊಂಡೈತಿ!"

"ಅಯ್ಯ, ಮನ್ಯಾಗ ಕಟ್ಟಿದ್ದು ಈಗ ನೋಡಿ ಬಂದ್ನೆಲ್ರೀ!"

ಸಂಜೆ ಶಾಲೆಯ ಅಂಗಳದಲ್ಲಿ ಬಾಟಲಿಗಳು ಸಾಲಾಗಿ ನಿಂತವು. ಒಳಗೆ ನೇರಳೆ ಬಣ್ಣದ ನೀರು, ಅದರಲ್ಲಿ ಅವರವರು ತಂದ ಮಣ್ಣು. ಮಣ್ಣಿನಲ್ಲಿ ಕಾರ್ಬನ್, ಅಂದರೆ ಕೊಳೆತ ಗರಿ-ಗೊಬ್ಬರದ ಸತ್ವ, ಇದ್ದಷ್ಟೂ ಬಣ್ಣ ತಿಳಿಯಾಗುತ್ತದಂತೆ. ಜಿನಗೊಂಡನ ಬಾಟಲಿ ಮಾತ್ರ ಬದನೇಕಾಯಿಯಂತೆ ಹಾಗೇ ಇತ್ತು. ಅವನು ಮೀಸೆ ತಿರುವಿದ.

"ಕಾಡಿಗೆ ಇದ ಹೊಲ!" ಎಂದರು ಮೇಡಂ. "ಕಾಕಾ, ಎಷ್ಟ ವರ್ಷ ರವದಿ ಸುಟ್ರಿ? ಮಣ್ಣಾಗಿನ ಜೀವಾ ಎಲ್ಲಾ ಕೊಂದೀರಲ್ಲ!"

ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯನಿಗೆ ಈ ಮಾತು! ಹೊಲ ಹೋಯಿತು, ಹೆಸರೂ ಹೋಯಿತು.

"ಅದು ನನ್ನ ಮಣ್ಣಲ್ರೀ! ಬಾಳಗೊಂಡಂದು! ನಾನ ಕದ್ದ ತಂದೇನಿ!"

ಬಾಳಗೊಂಡ ಶಾಂತವಾಗಿ ತನ್ನ ಬಾಟಲಿ ಎತ್ತಿ ಹಿಡಿದ. ನೀರಿನಷ್ಟು ತಿಳಿಯಾಗಿತ್ತು. "ಎರಡೂ ನನ್ನ ಹೊಲದ್ದಾದ್ರ ಬಣ್ಣಾ ಒಂದ ಇರಬೇಕಿತ್ತಲ್ರಿ?"

ಮಂದಿ ಗೊಳ್ಳೆಂದು ನಕ್ಕರು. ಕೈಯೆತ್ತಿ ಒಪ್ಪಿದ್ದನ್ನೂ ನೆನಪಿಸಿದರು.

ಮನೆಯಲ್ಲಿ ಸುದ್ದಿ ಕೇಳಿ ಮಂಗಲ ತಲೆ ಚಚ್ಚಿಕೊಂಡಳು. "ಮಧ್ಯಾಹ್ನ ಬಾಳಗೊಂಡಣ್ಣ ಹೂವಿನ ಕುಂಡಕ್ಕ ಬೇಕಂತ ನಮ್ಮ ಹೊಲದ ಮಣ್ಣ ಬೇಡಾಕ ಬಂದಿದ್ದ. ನಾನ ಕೈಯಾರ ಚೀಲ ತುಂಬಿ ಕೊಟ್ಟೇನ್ರೀ! ಸತ್ತ ಮಣ್ಣಿಗೆ ಕಾಡ ಅಂತ ಮೇಡಂ ಬೆಳಿಗ್ಗೆನ ಹೇಳ್ಯಾರಂತ. ನೀವ ಆಗ ಏನ ಮಾಡಾಕತ್ತಿದ್ರಿ?"

"ಬಾಳಗೊಂಡ ಯಾಕ ನಗಾಕತ್ತಾನ ಅಂತ ನೋಡಾಕತ್ತಿದ್ದೆ."

"ಈಗರೆ ಗೊತ್ತಾತಿಲ್ಲೋ?" ಎಂದಳು ಮಂಗಲ.