ಮಾರಾಟದ ಮನೆಯ ಮೇಲೊಂದು ಹಾರಾಟ

ಎಡವಟ್ಟು ಶುರುವಾದದ್ದು ಬ್ರೋಕರ್ ಫೋನಿನಲ್ಲಿ ಹೇಳಿದ ಒಂದು ಮಾತಿನಿಂದ. "ಹಳೇ ಮನೆ ಮೇಡಂ, ಯಾರೂ ಮೂಸಿ ನೋಡ್ತಿಲ್ಲ. ಮೇಲಿಂದ ಚೆನ್ನಾಗಿ ತೋರಿಸಿ. ಇದೊಂದು ಮಾರಿಹೋದ್ರೆ ನನ್ನ ಕೈಲಿರೋ ಮನೆಗಳೆಲ್ಲ ನಿಮ್ಮ ಡ್ರೋನಿಗೇ."

ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಕೆಲಸ ಬಿಟ್ಟು, ಡ್ರೋನ್ ಹಾರಿಸುವ ಲೈಸೆನ್ಸ್ ಪಡೆದು ಕೂತಿದ್ದವಳಿಗೆ ಇದೇ ಮೊದಲ ಗಿರಾಕಿ. ಮನೆಯವರೆಲ್ಲ ಅವಳನ್ನು ಪೈಲಟಮ್ಮ ಎನ್ನುತ್ತಿದ್ದರು, ಅತ್ತೆ ಮಾತ್ರ "ಗಾಳಿಪಟ ಹಾರಿಸೋಕೂ ಲೈಸೆನ್ಸಾ?" ಎನ್ನುತ್ತಿದ್ದರು. ಬ್ಯಾಟರಿ ಚೀಲ ಹೊರಲು ಗಂಡನಿಗೆ ರಜೆ ಹಾಕಿಸಿ ಹೊರಟಳು.

ಡ್ರೋನ್ ಗುಂಯ್ಯೆಂದು ಮೇಲೇಳುತ್ತಿದ್ದ ಹಾಗೇ ಪಕ್ಕದ ಮನೆಯಾಕೆ ತಾರಸಿಗೆ ಓಡಿಬಂದರು. "ಏಯ್, ಬಟ್ಟೆ ಒಣಗಾಕಿದೀನಿ! ನಮ್ಮ ಯಜಮಾನ್ರ ಹರಕು ಬನಿಯನ್ನ ಊರಿಗೆಲ್ಲ ತೋರಿಸ್ತೀಯಾ?"

"ಇಲ್ಲ ಆಂಟಿ, ನಿಮ್ಮ ಮನೆ ಬರೋದೇ ಇಲ್ಲ."

"ಯಾಕೆ ಬರಲ್ಲ? ನಮ್ಮನೆ ಅಷ್ಟು ಕಡೆಯಾಗಿ ಹೋಯ್ತಾ?" ಎಂದವರೇ ಬಟ್ಟೆ ಬಾಚಿಕೊಂಡು ಒಳಗೋಡಿ, ತಲೆ ಬಾಚಿಕೊಂಡು ಬಂದು, ಹೂಕುಂಡದ ಪಕ್ಕ ನಿಂತರು.

ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ಅವಳ ಕೈಲಿದ್ದ ರಿಮೋಟಿನ ಪರದೆಗೆ ಮೂಗು ತಾಗಿಸಿದರು. "ನಮ್ಮ ಬೆಕ್ಕು ಕಾಣ್ತಿಲ್ಲಮ್ಮ, ಸ್ವಲ್ಪ ಎಡಕ್ಕೆ ತಿರುಗಿಸು. ಹಾಂ, ಅದೇ! ಅಲ್ಲ, ಅದು ಚಪ್ಪಲಿ."

ಅಷ್ಟರಲ್ಲಿ ಹಿತ್ತಲ ಮರದ ಕಾಗೆಗಳು ದಂಡೆತ್ತಿ ಬಂದವು. ಗಾಬರಿಯಲ್ಲಿ ಪೈಲಟಮ್ಮ ಡ್ರೋನನ್ನು ಸೀದಾ ಮೇಲಕ್ಕೇರಿಸಿದಳು.

"ಇಳಿಸೇ!" ಎಂದ ಗಂಡ.

"ಇಳಿಸಿದ್ರೆ ಕಾಗೆ, ಏರಿಸಿದ್ರೆ ಬ್ಯಾಟರಿ ಖಾಲಿ. ಬಾಯಿ ಮುಚ್ಕೊಂಡಿರಿ!"

ಕಾಗೆಗಳು ಬೇಸತ್ತು ಹಿಂದಿರುಗಿದಾಗ ಪರದೆಯತ್ತ ನೋಡಿದಳು. ಸಂಜೆ ಬಿಸಿಲಿಗೆ ಹೊಳೆಯುವ ಕೆಂಪು ಹೆಂಚು, ನಟ್ಟನಡುವೆ ಪುಟ್ಟ ಅಂಗಳ, ಗೋಡೆ ದಾಟಿ ಚಾಚಿದ ಮರದ ನೆರಳು. ಅವಳು ಕ್ಯಾಮೆರಾವನ್ನು ನಿಧಾನಕ್ಕೆ ಮನೆಯ ಸುತ್ತ ತಿರುಗಿಸಿದಳು. ಬ್ಯಾಟರಿ ಕಿರುಚಿಕೊಳ್ಳುವಷ್ಟರಲ್ಲಿ ಡ್ರೋನನ್ನು ಮೆಲ್ಲಗೆ ಇಳಿಸಿದಳು. ರೆಕ್ಕೆ ನಿಂತ ಮೇಲೆ ಗಂಡ ಅದನ್ನು ಹಸುಗೂಸಿನಂತೆ ಎತ್ತಿಕೊಂಡ.

ಅದೇ ಮನೆಯ ಹಾಲ್‌ನ ಟೀವಿಯಲ್ಲಿ ಬ್ರೋಕರ್ ಹೆಮ್ಮೆಯಿಂದ ವಿಡಿಯೋ ಹಾಕಿದ. ಮನೆಯ ಯಜಮಾನರು ಒಮ್ಮೆ ನೋಡಿದರು. "ಇನ್ನೊಂದ್ಸಲ ಹಾಕ್ರಿ" ಎಂದರು. ಮತ್ತೊಂದು ಸಲವೂ ನೋಡಿದರು.

"ಇದು ನಮ್ಮನೇನಾ?" ಎಂದರು ಅವರ ಹೆಂಡತಿ. "ಇಂಥ ಮನೇನ ಮಾರೋಕೆ ಹೊರಟಿದ್ರಲ್ರೀ, ನಿಮ್ಮ ತಲೆ ನೆಟ್ಟಗಿದೆಯಾ?"

ಯಜಮಾನರು ಕಣ್ಣೊರೆಸಿಕೊಂಡು ಹೇಳಿದರು: "ಬ್ರೋಕರೇ, ಗೇಟಿನ ಬೋರ್ಡು ಕಿತ್ತುಹಾಕಿ. ಮನೆ ಮಾರಲ್ಲ."

ಬ್ರೋಕರ್ ಮುಖ ಹಲ್ಲುನೋವು ಬಂದವನ ಹಾಗಾಯಿತು. ಪೈಲಟಮ್ಮ ಚೀಲ ಕಟ್ಟಿ, ಗಂಡನೊಡನೆ ಬೀದಿಯ ತಿರುವಿನವರೆಗೆ ತಲೆ ತಗ್ಗಿಸಿಯೇ ನಡೆದಳು. ಹಿಂದಿನಿಂದ ಸ್ಕೂಟರ್ ಬಂದು ಪಕ್ಕದಲ್ಲಿ ನಿಂತಿತು.

"ಮೇಡಂ, ಇನ್ನೊಂದು ಕೆಲಸ ಇದೆ" ಎಂದ ಬ್ರೋಕರ್.

ಪೈಲಟಮ್ಮನ ಮುಖ ಅರಳಿತು. "ಹೇಳಿ ಸಾರ್, ನಾಳೆನೇ ಬರ್ತೀನಿ!"

"ಈ ಹಳೇ ಮನೆ ಸಾಕಾಯ್ತು, ಹೊಸದು ತಗೊಳ್ಳಿ ಅಂತ ನನ್ನ ಹೆಂಡತಿ ಪ್ರಾಣ ತಿಂತಿದಾಳೆ. ನಮ್ಮನೇದೂ ಹೀಗೇ ಒಂದು ವಿಡಿಯೋ ತೆಗೆದು ಅವಳಿಗೆ ತೋರಿಸಿಬಿಡಿ." ಸ್ಕೂಟರ್ ಶುರು ಮಾಡುತ್ತ ದನಿ ತಗ್ಗಿಸಿದ. "ದುಡ್ಡಿನ ಮಾತು ಮಾತ್ರ ಎತ್ತಬೇಡಿ. ಇವತ್ತು ನನ್ನ ಕಮಿಷನ್ ಹಾರಿಸಿದ್ದೂ ನೀವೇ ತಾನೇ?"