ತಾರಸಿಯ ಮೇಲಿನ ರಂಗೋಲಿ

ತಮ್ಮ ಸಂತೋಷಕ್ಕಾಗಿ ಮಾತ್ರ ಚಿತ್ರ ಬಿಡಿಸುತ್ತೇವೆ ಎನ್ನುವ ಕಲಾವಿದರ ಮೇಲೆ ನನಗೆ ಬಹಳ ಗೌರವ. ನಂಬಿಕೆ ಮಾತ್ರ ಇಲ್ಲ. ಬಾಗಿಲ ಮುಂದೆ ನಾಲ್ಕು ಎಳೆ ರಂಗೋಲಿ ಬಿಡುವ ನನಗೇ, ಯಾರಾದರೂ ಒಂದು ಗಳಿಗೆ ನಿಂತು ನೋಡಲಿ ಎಂಬ ಚಪಲ ಇಷ್ಟಿರುವಾಗ ದೊಡ್ಡವರಿಗೆ ಇನ್ನೆಷ್ಟಿರಬೇಡ! ಕೆ.ಆರ್. ನಗರದಲ್ಲಿ ರಂಗೋಲಿಗೆ ಹೆಸರಾದವಳು ನಾನು. ಕೆ.ಆರ್. ನಗರ ಎಂದರೆ, ತವರುಮನೆಯ ಬೀದಿ. ಮದುವೆಯಾಗಿ ಹುಣಸೂರಿಗೆ ಬಂದ ಮೇಲೆ ಹಾಲಿನವನ ಸೈಕಲ್ಲು, ಪಕ್ಕದ ಮನೆಯ ಕೋಳಿಗಳು ಮತ್ತು ಎದುರುಮನೆಯ ಪುಟ್ಟತಾಯಮ್ಮ, ಇಷ್ಟೇ ನನ್ನ ಪ್ರೇಕ್ಷಕರು. ಸೈಕಲ್ಲು ರಂಗೋಲಿಯ ಮೇಲೇ ಹಾದು ಹೋಗುತ್ತಿತ್ತು, ಕೋಳಿಗಳು ಕೆದಕುತ್ತಿದ್ದವು. ಪುಟ್ಟತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಬಲಗಡೆ ಬಳ್ಳಿ ಸೊಟ್ಟಗೈತೆ ಕಣವ್ವ" ಎಂದು ಒಳಗೆ ಹೋಗುತ್ತಿದ್ದರು. ಬಳ್ಳಿಯೇ ಇಲ್ಲದ ದಿನವೂ ಬಲಗಡೆ ಏನಾದರೊಂದು ಸೊಟ್ಟಗಿರುತ್ತಿತ್ತು. ಅವರಿಗಿಂತ ಕೋಳಿಗಳೇ ವಾಸಿ ಎನ್ನಿಸುತ್ತಿತ್ತು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇಂಟರ್‌ನೆಟ್ ಸೆಂಟರ್ ಬಂತು, ನಮ್ಮ ಯಜಮಾನರು ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಂಡರು. ರಂಗೋಲಿ ಬಿಡುವವರೆಲ್ಲ ಫೋಟೊ ಹಾಕಿ, ಒಬ್ಬರದನ್ನೊಬ್ಬರು ನೋಡಿ ಅಭಿಪ್ರಾಯ ಬರೆಯುವ ತಾಣವೊಂದು ನನಗೆ ಸಿಕ್ಕಿತು. ನನ್ನ ಮೊದಲ ಫೋಟೊದ ಕೆಳಗೆ ಯಾರೋ "ಸೂಪರ್" ಎಂದು ಬರೆದರು. ಆ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಆಮೇಲೆ ನೋಡಿದರೆ ಅಲ್ಲಿ ಎಲ್ಲರದೂ ಸೂಪರ್. ಪರೀಕ್ಷೆ ಮಾಡೋಣವೆಂದು ಕೋಳಿ ಕೆದಕಿದ ರಂಗೋಲಿಯನ್ನೂ ಹಾಕಿದೆ. ಅದೂ ಸೂಪರ್, ಒಬ್ಬರಂತೂ ಹೊಸ ಶೈಲಿ ಎಂದು ಮೆಚ್ಚಿಕೊಂಡಿದ್ದರು.

ಮಾಲತಿ ಮಾತ್ರ ಹಾಗಲ್ಲ. ಗದಗಿನವರಂತೆ, ನಾನು ಅವರ ಮುಖ ಕಂಡಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು, ನಾನು ಮನಸ್ಸಿನಲ್ಲೇ ಕೂಡಿಸಿಕೊಂಡು ಓದುತ್ತಿದ್ದೆ. ಒಮ್ಮೆ ಬರೆದರು: "ಈ ಎಸಳಿನ್ಯಾಗ ಪುಡಿ ಮುಗದು ಮತ್ತ ಚಿಟಿಕಿ ತಗೊಂಡೀರಿ, ಹೌದಲ್ರಿ? ನನಗೂ ಅಲ್ಲೇ ಮುಗೀತದ." ನಿಜವಾಗಿ ಹಾಗೇ ಆಗಿತ್ತು. ನನ್ನ ಬೆರಳ ಸಂದಿಯಲ್ಲಿ ಪುಡಿ ಮುಗಿದದ್ದು ಗದಗಿನಲ್ಲಿ ಕೂತವರಿಗೆ ಕಂಡಿತಲ್ಲ ಎಂದು ಕಣ್ಣು ತುಂಬಿಬಂತು. ಸೆಂಟರಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದವರು, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದರು. ಅಂದಿನಿಂದ ನಾನು ರಂಗೋಲಿ ಬಿಟ್ಟದ್ದೆಲ್ಲ ಮಾಲತಿಗಾಗಿ.

ಒಂದು ಸಂಕ್ರಾಂತಿ ಕಳೆದ ಮೇಲೆ ಮಾಲತಿ ಬರೆಯುವುದನ್ನು ನಿಲ್ಲಿಸಿದರು. ಅವರು ಫೋಟೊ ಹಾಕಲೂ ಇಲ್ಲ. ನನ್ನ ಫೋಟೊ ಚೆನ್ನಾಗಿರಲಿಲ್ಲವೇನೋ ಎಂದುಕೊಂಡೆ. ಬೀದಿಯಲ್ಲಿ ಒಳ್ಳೆಯ ಬೆಳಕು ಬೀಳುವ ಹೊತ್ತಿಗೆ ಸೈಕಲ್ಲು ಹಾದಿರುತ್ತಿತ್ತು. ಹಾಗಾಗಿ ತಾರಸಿಗೆ ಹತ್ತಿದೆ. ಬಾಗಿಲಿಗೆ ನೀರು ಹಾಕುವುದು, ಪುಡಿಯ ಡಬ್ಬಿ ಹಿಡಿದು ಮೇಲೆ ಹೋಗುವುದು. ಹೀಗೇ ಕೆಲವು ದಿನ ನಡೆಯಿತು. ಹೊಸ್ತಿಲ ಮುಂದೆ ರಂಗೋಲಿ ಇಲ್ಲದಿದ್ದರೆ ನಮ್ಮ ಕಡೆ ಏನರ್ಥ ಎಂಬುದು ಬಿಸಿಲು, ನೆರಳು, ಮಾಲತಿಯರ ನಡುವೆ ನನ್ನ ತಲೆಗೇ ಬರಲಿಲ್ಲ.

ಒಂದು ಬೆಳಿಗ್ಗೆ ಪುಟ್ಟತಾಯಮ್ಮ ಪಾತ್ರೆ ತುಂಬ ಅನ್ನ, ಸಾರು ಹೊತ್ತು ಬಂದರು. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ! ಮೊದಲು ಜಗಲಿಯ ಕಡೆ ನೋಡಿದರು. ಅಲ್ಲಿ ನಮ್ಮ ಯಜಮಾನರು ಪೇಪರ್ ಓದುತ್ತಿದ್ದುದರಿಂದ ಅವರೊಬ್ಬರು ಪಟ್ಟಿಯಿಂದ ಹೊರಗಾದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಯಾರವ್ವ ಓಗ್ಬುಟ್ಟಿದ್ದು? ಕೆ.ಆರ್. ನಗರದಲ್ಲಾ? ಒಬ್ರಿಗೂ ಏಳ್ದೆ ಒಬ್ಳೇ ಅಳ್ತಾ ಕುಂತಿದ್ದೀಯಲ್ಲ."

ಯಾರೂ ಹೋಗಿಲ್ಲ ಎಂದರೆ ಅವರು ನಂಬಲಿಲ್ಲ. ನನ್ನ ಮುಖ ಅಷ್ಟು ಸೊರಗಿತ್ತಂತೆ. ಕೊನೆಗೆ ತಾರಸಿಗೇ ಕರೆದುಕೊಂಡು ಹೋದೆ. ಮಂಡಿ ಹಿಡಿದುಕೊಂಡು ಹತ್ತಿ, ಸೊಂಟದ ಮೇಲೆ ಕೈಯಿಟ್ಟು, ಬಹಳ ಹೊತ್ತು ನೋಡಿದರು.

"ಬಲಗಡೆ ಬಳ್ಳಿ ಸೊಟ್ಟಗೈತೆ," ಎಂದರು. ಆಮೇಲೆ ಸುತ್ತ ನೋಡಿ, "ಇಷ್ಟು ಸಂದಾಗಿರೋದ್ನ ಇಲ್ಲಿ ಯಾರ್ಗೆ ಅಂತ ಬುಟ್ಟಿದ್ದೀಯವ್ವ?" ಎಂದು ಕೇಳಿದರು.

ಗದಗಿಗೆ ಎಂದು ಹೇಳಲು ಬಾಯಿ ಬರಲಿಲ್ಲ. ಆ ದಿನ ಮಧ್ಯಾಹ್ನ ನಾನೂ ಪುಟ್ಟತಾಯಮ್ಮನವರೂ ಸತ್ತವರಿಲ್ಲದ ಸೂತಕದ ಊಟ ಹೊಟ್ಟೆ ತುಂಬ ಮಾಡಿದೆವು. ಸಾರು ಬಲು ರುಚಿಯಾಗಿತ್ತು.

ಮರುದಿನದಿಂದ ರಂಗೋಲಿ ಮತ್ತೆ ಬೀದಿಗಿಳಿಯಿತು. ಆದರೆ ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ನನ್ನ ಹೊಸ್ತಿಲು ಬರಿದಾದರೆ ಅನ್ನ ಹೊತ್ತು ಬರಲು ಎದುರುಮನೆ ಇದೆ. ಮಾಲತಿ ನಿಲ್ಲಿಸಿದ್ದಾರೆ. ಅವರ ಮನೆಯಲ್ಲಿ ಏನಾಗಿದೆಯೋ, ಅಥವಾ ಅವರೂ ಯಾವುದೋ ತಾರಸಿ ಹತ್ತಿದ್ದಾರೋ, ತಿಳಿಯಲು ನನಗೆ ಅವರ ಬೀದಿ ಗೊತ್ತಿಲ್ಲ. ಹೇಗಿದ್ದೀರಿ ಎಂದು ಎಷ್ಟೋ ಸಲ ಬರೆದೆ. ಉತ್ತರವಿಲ್ಲ.

ಮೊನ್ನೆ ಮತ್ತೆ ಸೆಂಟರಿಗೆ ಹೋದೆ. ಮಾಲತಿಯ ಕೊನೆಯ ರಂಗೋಲಿ ಅಲ್ಲೇ ಇತ್ತು. ಅದರ ಕೆಳಗೆ ಸಾಲುಸಾಲು ಸೂಪರ್. ಬಹಳ ಹೊತ್ತು ನೋಡಿದೆ. ಒಂದು ಎಳೆಯೂ ಆಚೀಚೆ ಇರಲಿಲ್ಲ. ಕೊನೆಗೆ ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಬಲಗಡೆ ಬಳ್ಳಿ ಸೊಟ್ಟಗಿದೆ." ಜಗಳಕ್ಕಾದರೂ ಬರಲಿ.